ಪೆರುವಿಗೆ ಹೊರಟಿರುವ ಸುಹಾಸನಿಗೆ

ಪ್ರೀತಿಯ ಸುಹಾಸ,

ನೀನು ಪೆರುವಿಗೆ ಹೋಗಿ ಅಯಾಹುವಾಸ್ಕಾ ಎಂಬ ಭ್ರಮೆ ತರಿಸುವ ಅಮೆಜಾನ್ ಕಾಡಿನ ಕಷಾಯ ಕುಡಿಯುತ್ತೀಯಂತೆ, ನಿಮ್ಮಪ್ಪ ಫೋನಿನಲ್ಲಿ ಕೂಗಾಡಿದ. ನಾನು ಕೂಗಾಡುವುದಿಲ್ಲ. ಆದರೆ ಇಷ್ಟು ವರ್ಷ ಫಾರ್ಮಕಾಲಜಿ ಪಾಠ ಮಾಡಿದ ಅತ್ತೆ ಸುಮ್ನೆ ಕೂರುವುದೂ ಸರಿಯಲ್ಲ, ಅಲ್ವಾ?

ಮೊದಲು ನಿನ್ನ ಮಾತ್ರೆಯ ವಿಷಯ. ಆ ಕಷಾಯದಲ್ಲಿ ಚಕ್ರೂನಾ ಎಂಬ ಗಿಡದ ಎಲೆ ಇರುತ್ತದೆ. ಭ್ರಮೆ ತರಿಸುವುದು ಅದರಲ್ಲಿರುವ ಡಿಎಂಟಿ ಎಂಬ ರಾಸಾಯನಿಕ. ಅದನ್ನು ಬರೀ ನುಂಗಿದರೆ ಹೊಟ್ಟೆಯ ಒಂದು ಕಿಣ್ವ ಅದನ್ನು ಒಡೆದುಹಾಕುತ್ತದೆ. ಜೊತೆಗೆ ಕುದಿಸುವ ಬಳ್ಳಿಯಲ್ಲಿರುವ ಹಾರ್ಮಿನ್ ಆ ಕಿಣ್ವವನ್ನೇ ತಡೆಯುತ್ತದೆ. ಮೆದುಳಿನ ಸಂದೇಶವಾಹಕ ರಾಸಾಯನಿಕ ಸೆರೊಟೋನಿನ್ ಒಡೆಯುವುದೂ ಅದೇ ಕಿಣ್ವ. ಖಿನ್ನತೆಗೆ ನೀನು ತೆಗೆದುಕೊಳ್ಳುವಂಥ ಮಾತ್ರೆ ಅದರ ಜೊತೆ ಸೇರಿದರೆ ಜ್ವರ ಏರಿ, ಮೈ ಸೆಟೆದು, ಜೀವಕ್ಕೇ ಅಪಾಯ ಬರಬಹುದು. ಹಾಗಂತ ಮಾತ್ರೆಯನ್ನು ನೀನೇ ನಿಲ್ಲಿಸಬೇಡ. ಡಾಕ್ಟರನ್ನು ಕೇಳು.

ಇನ್ನು ಕಷಾಯ ಕೊಡುವವರ ಮಾತು. ಪೆರುವಿನ ಉಕಯಾಲಿ ನದಿಯ ದಡದ ಶಿಪಿಬೊ ಬುಡಕಟ್ಟಿನ ಜನರಲ್ಲಿ ವೈದ್ಯರಾಗುವುದು ವಾರದ ಕೋರ್ಸ್ ಅಲ್ಲ ಕಣೋ. ಒಂದು ಗಿಡವನ್ನು ಹಿಡಿದು ತಿಂಗಳುಗಟ್ಟಲೆ ಒಂಟಿಯಾಗಿ ಪಥ್ಯ ಮಾಡಬೇಕು. ಉಪ್ಪಿಲ್ಲ, ಸಕ್ಕರೆಯಿಲ್ಲ, ಹೆಂಡವಿಲ್ಲ, ಸಂಸಾರವಿಲ್ಲ. ಸಪ್ಪೆ ಮೀನು, ಬಾಳೆಕಾಯಿ, ಅಷ್ಟೇ. ಆಮೇಲೆ ಇನ್ನೊಂದು ಗಿಡ. ಆಯಾ ಗಿಡವೇ ಹಾಡು ಕಲಿಸುತ್ತದೆ ಎಂದು ಅವರ ನಂಬಿಕೆ. ಆ ಹಾಡಿಗೆ ಇಕಾರೊ ಅನ್ನುತ್ತಾರೆ. ಹಿಂದೆಲ್ಲ ಹೆಚ್ಚಾಗಿ ಕಷಾಯ ಕುಡಿಯುತ್ತಿದ್ದವರು ವೈದ್ಯರು, ರೋಗಿಯಲ್ಲ. ರೋಗ ಎಲ್ಲಿದೆ ಎಂದು ನೋಡಲು ಅವರು ಕುಡಿದು ಹಾಡುತ್ತಿದ್ದರು. ಬಂದವರಿಗೆಲ್ಲ ಲೋಟ ಕೊಡುವುದು ಪ್ರವಾಸಿಗರ ಕಾಲದ್ದು.

ಒಲಿವಿಯಾ ಅರೆವಾಲೊ ಇಂಥ ಹಾಡುಗಳಿಗೇ ಹೆಸರಾದ ಅಜ್ಜಿ. 2018ರ ಏಪ್ರಿಲ್‌ನಲ್ಲಿ, 81ರ ವಯಸ್ಸಿನಲ್ಲಿ, ಅವರನ್ನು ಗುಂಡಿಕ್ಕಿ ಕೊಂದರು. ಕಾಡಿನ ಔಷಧ ಕಲಿಯಲು ಬಂದಿದ್ದ ಕೆನಡಾದವನೊಬ್ಬನ ಮೇಲೆ ಆರೋಪ ಬಂತು. ಜನ ಅವನನ್ನೂ ಹೊಡೆದು ಕೊಂದರು. ಹೊರಗಿನಿಂದ ಬರುವವರ ಬಗ್ಗೆ ಅಲ್ಲಿ ಏಕೆ ಅನುಮಾನವಿದೆ ಎಂದು ನಿನಗೆ ಗೊತ್ತಿರಲಿ.

ಅನುಮಾನ ಹಳೆಯದು. 1986ರಲ್ಲಿ ಒಬ್ಬ ಅಮೆರಿಕದವನು ಆ ಬಳ್ಳಿಯ ಒಂದು ತಳಿಗೆ ಪೇಟೆಂಟ್ ಪಡೆದ. ಅಮೆಜಾನಿನ ಸಂಘಟನೆಗಳು ಜಗಳವಾಡಿ 1999ರಲ್ಲಿ ತಿರಸ್ಕಾರ ಮಾಡಿಸಿದರೂ 2001ರಲ್ಲಿ ಅದು ಮತ್ತೆ ಅವನ ಕೈಸೇರಿತು. ನಮ್ಮ ಅರಿಶಿನದ ಪೇಟೆಂಟಾದರೂ 1997ರಲ್ಲಿ ರದ್ದಾಯಿತು. ಇಂಥ ಭಯಕ್ಕೇ ಪೆರು–ಬ್ರೆಜಿಲ್ ಗಡಿಯ ಮತ್ಸೆಸ್ ಬುಡಕಟ್ಟಿನ ಹಿರಿಯರು ತಮ್ಮ ಔಷಧ ಜ್ಞಾನವನ್ನು ಸುಮಾರು 500 ಪುಟ ಬರೆಸಿದಾಗ ತಮ್ಮ ಭಾಷೆಯಲ್ಲಿ ಮಾತ್ರ ಬರೆಸಿದರು. ಓದಬೇಕಾದವರು ಅವರ ಮಕ್ಕಳು, ನಾವಲ್ಲ. ಬಹಳ ಜಾಣತನ ಅನ್ನಿಸಿತು ನನಗೆ.

ಶಿಪಿಬೊ ಜನರ ವೈದ್ಯ ಬರೀ ಆ ಬಳ್ಳಿಯದೂ ಅಲ್ಲ. 2020ರಲ್ಲಿ ಕೊರೊನಾದಿಂದ ಉಕಯಾಲಿ ದಡದ ಪುಕಾಲ್ಪಾ ಊರಿನ ಆಸ್ಪತ್ರೆಗಳು ತುಂಬಿಹೋದಾಗ ಶಿಪಿಬೊ ಯುವಕರು ‘ಕಮಾಂಡೊ ಮತೀಕೊ’ ಎಂದು ಗುಂಪು ಕಟ್ಟಿ, ಮತೀಕೊ ಎಲೆಯ ಹಬೆ, ಕಷಾಯ ಕೊಟ್ಟು ರೋಗಿಗಳನ್ನು ನೋಡಿಕೊಂಡರು. ಎಲೆ ಕೊರೊನಾ ವಾಸಿಮಾಡಿತು ಎಂದು ನಾನು ಹೇಳುವುದಿಲ್ಲ. ಆದರೆ ಹತ್ತಿರ ಬಂದು ಕೂತವರು ಅವರೇ.

ಹೋಗಲೇಬೇಕೆಂದರೆ ಹೋಗು, ಕುಡಿಯುವ ಅವಸರ ಬೇಡ. ಕೊಡುವವರು ಯಾರ ಹತ್ತಿರ ಕಲಿತರು, ನೀನು ಕೊಡುವ ದುಡ್ಡು ಊರಿಗೆ ಎಷ್ಟು ಸೇರುತ್ತದೆ, ಕೇಳು. ನಿನ್ನ ಮಾತ್ರೆಯ ಬಗ್ಗೆ ವಿಚಾರಿಸದ ಜಾಗದಿಂದ ಎದ್ದು ಬಾ.

ಮಾತ್ರೆಯ ಹೆಸರು, ಡೋಸ್ ಇವತ್ತೇ ವಾಟ್ಸಾಪ್ ಮಾಡು. ಟಿಕೆಟ್ ಆಮೇಲೆ ತೆಗೆದುಕೊಳ್ಳುವೆಯಂತೆ.

ನಿನ್ನ ಅತ್ತೆ