ಚಳಿಗಾಲದ ತರಕಾರಿ ಸಸಿ: ಇನ್ನು ಮೊದಲೇ ಹೆಸರು ಬರೆಸಿದವರಿಗೆ ಮಾತ್ರ

ಗ್ರಾಹಕ ಬಂಧುಗಳಿಗೆ ನಮಸ್ಕಾರ.

ಈ ಅಕ್ಟೋಬರ್‌ನಿಂದ ನಮ್ಮ ನರ್ಸರಿಯಲ್ಲಿ ಟೊಮೆಟೊ, ಬದನೆ, ಮೆಣಸಿನಕಾಯಿ, ಎಲೆಕೋಸು, ಹೂಕೋಸಿನ ಸಸಿಗಳನ್ನು ಮೊದಲೇ ಹೆಸರು ಬರೆಸಿದವರಿಗಷ್ಟೇ ಬೆಳೆಸಿ ಕೊಡುತ್ತೇವೆ. ಬಂದ ದಿನ ಇದ್ದದ್ದನ್ನು ಆರಿಸಿಕೊಂಡು ಹೋಗುವ ಪದ್ಧತಿ ಇರುವುದಿಲ್ಲ. ದರ ಹೋದ ವರ್ಷದ್ದೇ. ಅರ್ಧ ಹಣ ಮುಂಗಡ.

ಕಾರಣ, ಸಸಿಯ ವಯಸ್ಸು. ಟೊಮೆಟೊ, ಕೋಸು 25ರಿಂದ 30 ದಿನಕ್ಕೆ, ಬದನೆ, ಮೆಣಸಿನಕಾಯಿ 35–40 ದಿನಕ್ಕೆ ನಾಟಿಗೆ ಬರುತ್ತವೆ. ಅದು ದಾಟಿದರೆ ಟ್ರೇಯ ಕುಳಿಯೊಳಗೆ ಬೇರು ಸುತ್ತಿಕೊಳ್ಳುತ್ತದೆ, ಕಾಂಡ ಸೊರಗಿ ಉದ್ದವಾಗುತ್ತದೆ. ಹೂಕೋಸು ಇನ್ನೂ ನಾಜೂಕು. ಬಲಿತ ಸಸಿ ನೆಟ್ಟರೆ ಗಿಡ ಮೈತುಂಬುವ ಮೊದಲೇ ನಿಂಬೆಹಣ್ಣಿನಷ್ಟು ಹೂ ಕಟ್ಟಿ ಅಲ್ಲಿಗೇ ನಿಂತುಬಿಡುತ್ತದೆ. ಮಳೆ ಬಿಟ್ಟ ಭಾನುವಾರ ಎಲ್ಲರೂ ಒಟ್ಟಿಗೆ ಬರುತ್ತೀರಿ, ಸಸಿ ಒಯ್ದ ಮೇಲೆ ಹಿತ್ತಲು ಅಗೆಯಲು ಶುರು ಮಾಡುತ್ತೀರಿ. ಅಷ್ಟರಲ್ಲಿ ಟ್ರೇ ಕಾಂಪೌಂಡಿನ ಪಕ್ಕ ಇನ್ನೊಂದು ವಾರ ಬಾಡುತ್ತದೆ. ಅದಕ್ಕೇ ಲೆಕ್ಕ ತಿರುಗಿಸಿದ್ದೇವೆ: ನಾವು ಬೀಜ ಹಾಕಿದ ದಿನದಿಂದಲೇ ನೀವು ಮಡಿಯ ಕೆಲಸ ಹಿಡಿಯಿರಿ.

ಮಣ್ಣಿಗೂ ಆ ನಾಲ್ಕೈದು ವಾರ ಬೇಕು. ಎರೆ ಮಣ್ಣಿನವರು ಸ್ವಾತಿ ಮಳೆಗೆ ನೆಂದ ನೆಲಕ್ಕೆ ಕೂಡಲೇ ಗುದ್ದಲಿ ಹಾಕಬೇಡಿ. ಒಂದು ಹಿಡಿ ಮಣ್ಣು ಅದುಮಿ ಉಂಡೆ ಮಾಡಿ, ಹೆಬ್ಬೆರಳಿನಿಂದ ಒತ್ತಿ ನೋಡಿ. ಪುಡಿಯಾದರೆ ಅಗೆಯಿರಿ, ಅಂಗೈಗೆ ಮೆತ್ತಿಕೊಂಡರೆ ಎರಡು ಮೂರು ದಿನ ತಡೆಯಿರಿ. ಹಸಿಯಲ್ಲಿ ಅಗೆದ ಎರೆ ಹೆಂಟೆಗಟ್ಟಿ, ಬಿಸಿಲಿಗೆ ಇಟ್ಟಿಗೆಯಾಗುತ್ತದೆ. ಹೊಸ ಬಡಾವಣೆಗಳಲ್ಲಿ ಮಣ್ಣಿಗಿಂತ ಗಾರೆ ಚೂರು, ಜಲ್ಲಿಯೇ ಜಾಸ್ತಿ, ಮೊದಲು ಅದನ್ನು ಹೆಕ್ಕಿ. ಗೊಬ್ಬರ ಚೆನ್ನಾಗಿ ಕಳಿತದ್ದೇ ಆಗಲಿ. ಹಸಿ ಸಗಣಿ ಗೊಬ್ಬರದ ಜೊತೆ ಗೊಣ್ಣೆ ಹುಳು, ಕಳೆ ಬೀಜ ಎರಡೂ ಬರುತ್ತವೆ. ಮಂಡಕ್ಕಿ ಭಟ್ಟಿಯ ಬೂದಿ ಪುಕ್ಕಟೆ ಸಿಕ್ಕಿತೆಂದು ಚೀಲಗಟ್ಟಲೆ ತಂದು ಸುರಿಯುವವರೂ ಇದ್ದೀರಿ. ಏನು ಉರಿಸಿದ ಬೂದಿ ಎಂದು ಕೇಳದೆ ತರಬೇಡಿ.

ಮೆಂತ್ಯ, ಕೊತ್ತಂಬರಿ, ಪಾಲಕ್, ಮೂಲಂಗಿಗೆ ದಯವಿಟ್ಟು ಟ್ರೇ ಕೇಳಬೇಡಿ, ಬೀಜವನ್ನೇ ಮಡಿಗೆ ಹಾಕಿ. ಕೊತ್ತಂಬರಿ ಬೀಜವನ್ನು ಚಪ್ಪಲಿಯಲ್ಲಿ ಮೆಲ್ಲಗೆ ಉಜ್ಜಿ ಎರಡು ಹೋಳು ಮಾಡಿಕೊಂಡರೆ ಸಾಕು. ಮೂಲಂಗಿ ಕಿತ್ತು ನೆಟ್ಟರೆ ಗೆಡ್ಡೆ ಕವಲೊಡೆಯುತ್ತದೆ.

ಚಳಿ ಕಳೆಯುವಾಗ ಹೊಂಗೆ, ಬಾದಾಮಿ ಮರದ ಎಲೆ ಉದುರುತ್ತದಲ್ಲ, ಅದಕ್ಕೆ ಬೆಂಕಿ ಹಚ್ಚಬೇಡಿ. ಮೂಲೆಯಲ್ಲಿ ಮೊಣಕಾಲುದ್ದದ ಗುಂಡಿ ತೋಡಿ ತುಂಬಿ, ಸಗಣಿ ನೀರು ಚಿಮುಕಿಸಿ ಮಣ್ಣು ಮುಚ್ಚಿ. ಬೇಸಿಗೆಯಲ್ಲಿ ತೇವ ಆರದಂತೆ ನೋಡಿಕೊಂಡರೆ ಮುಂಗಾರಿನ ಮಡಿಗೆ ಬಹುಪಾಲು ಕಳಿತಿರುತ್ತದೆ.

ಮೊದಲ ಬಿತ್ತನೆ ಅಕ್ಟೋಬರ್ 20ಕ್ಕೆ, ಎರಡನೆಯದು ನವೆಂಬರ್ 10ಕ್ಕೆ. ಎರಡನೆಯದರಲ್ಲಿ ಹೂಕೋಸು ಇಲ್ಲ. ಫೆಬ್ರವರಿ ಬಿಸಿಲು ಏರಿದರೆ ನಮ್ಮ ದಾವಣಗೆರೆಯಲ್ಲಿ ಹೂ ಬಿಗಿಯಾಗಿ ಕೂರುವುದಿಲ್ಲ. ಬಿತ್ತನೆಗೆ ಮೂರು ದಿನ ಮುಂಚೆ ನರ್ಸರಿಗೆ ಬಂದೋ, ವಾಟ್ಸಾಪ್‌ನಲ್ಲೋ ಹೆಸರು ಬರೆಸಿ. ಸಸಿ ಸಿದ್ಧ ಎಂದು ತಿಳಿಸಿದ ಐದು ದಿನದೊಳಗೆ ಒಯ್ಯದಿದ್ದರೆ ಬೇರೆಯವರಿಗೆ ಕೊಡುತ್ತೇವೆ, ಮುಂಗಡ ವಾಪಸ್ ಇಲ್ಲ. ಬರುವಾಗ ಮನೆಯಲ್ಲಿರುವ ಹಳೆ ಟ್ರೇಗಳನ್ನು ತನ್ನಿ.

ಇತಿ,
ನರ್ಸರಿ ಬಳಗ, ದಾವಣಗೆರೆ