ಕೈಪಿಡಿ ಮುಗಿಯಿತು, ಋಣ ಹೇಳಿಕೊಳ್ಳಬೇಕು

ಎಲೆಕ್ಟ್ರೋಡಿನ ಮೈಗೆ ಅಂಟಿದ ಅಣುಗಳ ವೋಲ್ಟಾಮೆಟ್ರಿ (ವೋಲ್ಟೇಜನ್ನು ಏರಿಸಿ ಇಳಿಸಿ ಕರೆಂಟ್ ಅಳೆಯುವ ವಿಧಾನ) ಬಗ್ಗೆ ಎಂ.ಎಸ್ಸಿ. ವಿದ್ಯಾರ್ಥಿಗಳಿಗಾಗಿ ಬರೆಯುತ್ತಿದ್ದ ಕನ್ನಡ ಕೈಪಿಡಿ ಈ ವಾರ ಪೂರ್ತಿಯಾಯಿತು. ಮಂಗಳೂರು, ಸುರತ್ಕಲ್, ಮಣಿಪಾಲದ ಕಡೆಯಿಂದ ಹಲವರು ಕೈಜೋಡಿಸಿದ್ದಾರೆ. ಹೆಸರು ಹಾಕಬೇಡಿ ಅಂದವರೇ ಜಾಸ್ತಿ, ಹಾಗಾಗಿ ಅವರವರ ಕೆಲಸ ಹೇಳಿ ವಂದಿಸುತ್ತೇವೆ.

ಮೊದಲನೆಯದು ಫ್ರಾನ್ಸಿನ ದಿಜೋನ್‌ನಲ್ಲಿದ್ದ ಎತಿಯೆನ್ ಲಾವಿರೋನ್ ಅವರಿಗೆ. ಕೈಪಿಡಿಯ ಅರ್ಧ ಭಾಗ ಅವರ 1979ರ ಸಮೀಕರಣಗಳ ಮೇಲೆ ನಿಂತಿದೆ. ದ್ರಾವಣದಲ್ಲಿ ಕರಗಿದ ಅಣುವಾದರೆ ಪೀಕ್ ಕರೆಂಟ್ (ಕರೆಂಟ್ ಗೆರೆಯ ಶಿಖರದ ಎತ್ತರ) ಸ್ಕ್ಯಾನ್ ವೇಗದ, ಅಂದರೆ ವೋಲ್ಟೇಜ್ ಬದಲಿಸುವ ವೇಗದ, ವರ್ಗಮೂಲದಂತೆ ಏರುತ್ತದೆ. ಮೈಗೆ ಅಂಟಿದ್ದಾದರೆ ನೇರವಾಗಿ ವೇಗದಂತೆಯೇ. ಎಲೆಕ್ಟ್ರಾನ್ ವರ್ಗಾವಣೆ ಚುರುಕಾಗಿದ್ದರೆ ಹೋಗುವ ಪೀಕ್, ಬರುವ ಪೀಕ್ ಎರಡೂ ಒಂದೇ ವೋಲ್ಟೇಜಿನಲ್ಲಿ ಕೂರುತ್ತವೆ. ಒಂದು ಎಲೆಕ್ಟ್ರಾನಿನ ಪೀಕಿಗೆ ಅರ್ಧ ಎತ್ತರದಲ್ಲಿ ಅಗಲ 25 ಡಿಗ್ರಿಯಲ್ಲಿ 90.6 ಮಿಲಿವೋಲ್ಟ್. ಎಸಿ ಇಲ್ಲದ ಕರಾವಳಿಯ ಲ್ಯಾಬಿನಲ್ಲಿ 32 ಡಿಗ್ರಿ ಇದ್ದರೆ ಅದು 92.7 ಆಗುತ್ತದೆ ಎಂದು ಲೆಕ್ಕ ಹಾಕಿ ತೋರಿಸಿದ ವಿದ್ಯಾರ್ಥಿನಿಗೆ ಶಹಬ್ಬಾಸ್. ಅಗಲ ಇದಕ್ಕಿಂತ ತುಂಬಾ ಹೆಚ್ಚಿದ್ದರೆ ಅಣುಗಳು ಒಂದನ್ನೊಂದು ದೂಡುತ್ತಿವೆ, ಇಲ್ಲವೇ ಎಲ್ಲವೂ ಒಂದೇ ಪರಿಸರದಲ್ಲಿಲ್ಲ. ಫೆರೋಸೀನ್ ಥಯಾಲಿಗೆ (ಗಂಧಕದ ತುದಿಯಿಂದ ಚಿನ್ನಕ್ಕೆ ಅಂಟುವ, ಎಲೆಕ್ಟ್ರಾನ್ ಕೊಡುವ ಫೆರೋಸೀನ್ ಹೊತ್ತ ಅಣು) ಫೆರೋಸೀನ್ ಇಲ್ಲದ ಬರೀ ಥಯಾಲ್ ಬೆರೆಸಿ ವಿರಳ ಮಾಡಿದರೆ ಪೀಕ್ ಸರಿಯಾದ ಆಕಾರಕ್ಕೆ ಬರುತ್ತದೆ.

ವೋಲ್ಟೇಜ್ ಅಳೆಯಲು ಆಧಾರವಾದ ರೆಫರೆನ್ಸ್ ಎಲೆಕ್ಟ್ರೋಡಿನ ತುದಿಯಲ್ಲಿ ಬಿಳಿ ಪುಡಿ ಕಟ್ಟಿದ್ದನ್ನು ಮೊದಲು ಕಂಡವರು ಲ್ಯಾಬ್ ಅಟೆಂಡರ್ ಅಣ್ಣ. ಸೆಲ್ಲಿನಲ್ಲಿ ಪರ್ಕ್ಲೋರಿಕ್ ಆಮ್ಲ, ಎಲೆಕ್ಟ್ರೋಡಿನೊಳಗೆ ಪೊಟ್ಯಾಸಿಯಂ ಕ್ಲೋರೈಡ್. ಎರಡೂ ಸೇರುವಲ್ಲಿ ಪೊಟ್ಯಾಸಿಯಂ ಪರ್ಕ್ಲೋರೇಟ್ ಗಟ್ಟಿಯಾಗಿ ರಂಧ್ರ ಮುಚ್ಚುತ್ತದೆ, ವೋಲ್ಟೇಜ್ ಅಲೆಯುತ್ತದೆ. ಒಳಗೆ ಸೋಡಿಯಂ ಕ್ಲೋರೈಡ್ ತುಂಬಿದರೆ ಈ ರಗಳೆ ಇಲ್ಲ.

ಕರೆಂಟ್ ಲೈನಿನಿಂದ ಅಳತೆಗೆ ನುಗ್ಗುವ 50 ಹರ್ಟ್ಸ್ ಗಲಾಟೆ ತಡೆಯಲು ತಗಡಿನ ಪೆಟ್ಟಿಗೆ ಮಾಡಿಕೊಟ್ಟ ಬಂದರಿನ ತಗಡಿನ ಕೆಲಸದವರಿಗೂ ವಂದನೆ. ಅರ್ತ್ ವಯರ್ ಕೂರುವಲ್ಲಿ ಪೇಂಟ್ ಕೆರೆದೇ ಕೊಟ್ಟರು!

ಉಪಕರಣದ ಸರ್ವಿಸ್ ಇಂಜಿನಿಯರ್ ಹೇಳಿಕೊಟ್ಟದ್ದು ಪುಸ್ತಕಗಳಲ್ಲಿ ಸುಲಭಕ್ಕೆ ಸಿಗುವುದಿಲ್ಲ. ಡಿಜಿಟಲ್ ಯಂತ್ರ ವೋಲ್ಟೇಜನ್ನು ಇಳಿಜಾರಾಗಿ ಅಲ್ಲ, ಮೆಟ್ಟಿಲು ಮೆಟ್ಟಿಲಾಗಿ ಏರಿಸಿ, ಪ್ರತಿ ಮೆಟ್ಟಿಲಿನ ಕೊನೆಯಲ್ಲಿ ಕರೆಂಟ್ ಓದುತ್ತದೆ. ಅಂಟಿದ ಅಣು ಚುರುಕಾಗಿದ್ದರೆ ಅಷ್ಟರಲ್ಲಿ ಅದರ ಕೆಲಸ ಮುಗಿದೇ ಹೋಗಿರುತ್ತದೆ, ಪೀಕ್ ಕುಗ್ಗಿ ಕಾಣುತ್ತದೆ. 5 ಮಿಲಿವೋಲ್ಟಿನ ಮೆಟ್ಟಿಲನ್ನು 1ಕ್ಕೆ ಇಳಿಸಿದಾಗ ಪೀಕಿನ ಅಡಿಯ ವಿದ್ಯುದಂಶ ಬದಲಾದರೆ ಆ ಅಳತೆಯನ್ನು ನಂಬಬೇಡಿ. ಮೆಟ್ಟಿಲಿನ ಉದ್ದಕ್ಕೂ ಕರೆಂಟ್ ಕೂಡಿಸುವ ಸೆಟ್ಟಿಂಗ್ ಇದ್ದರೆ ಅದನ್ನೇ ಹಾಕಿ.

ಅತಿ ದೊಡ್ಡ ಋಣ, ದ್ರಾವಣದ ರೆಸಿಸ್ಟೆನ್ಸ್ ಬಗ್ಗೆ ಪಟ್ಟು ಬಿಡದೆ ವಾದಿಸಿದ ಸಹೋದ್ಯೋಗಿಗೆ. 2 ಮಿಲಿಮೀಟರ್ ವ್ಯಾಸದ ಚಿನ್ನದ ಡಿಸ್ಕ್, ಅದರ ಮೇಲೆ ಪ್ರತಿ ಚದರ ಸೆಂಟಿಮೀಟರಿಗೆ 4.5×10⁻¹⁰ ಮೋಲ್ ಫೆರೋಸೀನ್ ಎಂದಿಟ್ಟುಕೊಳ್ಳಿ. ಒಟ್ಟು ವಿದ್ಯುದಂಶ 1.36 ಮೈಕ್ರೊಕೂಲಂಬ್. ಸೆಕೆಂಡಿಗೆ 0.1 ವೋಲ್ಟ್ ವೇಗದಲ್ಲಿ ಪೀಕ್ ಸುಮಾರು 1.3 ಮೈಕ್ರೊಆಂಪಿಯರ್, 100 ಓಮ್ ಇದ್ದರೂ ಲೆಕ್ಕಕ್ಕಿಲ್ಲ. ವೇಗ 100 ವೋಲ್ಟಿಗೆ ಏರಿದರೆ ಕರೆಂಟ್ 1.3 ಮಿಲಿಆಂಪಿಯರ್, ಅದೇ 100 ಓಮ್ ಈಗ 130 ಮಿಲಿವೋಲ್ಟ್ ತಿನ್ನುತ್ತದೆ. ಪೀಕುಗಳು ದೂರ ಸರಿಯುತ್ತವೆ, ನೋಡಿದವರು ವರ್ಗಾವಣೆಯೇ ನಿಧಾನ ಎಂದುಕೊಂಡು ತಪ್ಪು ದರ ಬರೆಯುತ್ತಾರೆ. ಈ ದರ ತಿಳಿಯಲು ಲಾವಿರೋನ್ ನೇರಗೆರೆ (ವೇಗದ ಲಾಗ್ ಎದುರು ಪೀಕ್ ವೋಲ್ಟೇಜ್) ಎಳೆಯಬೇಕಾದದ್ದು ಪೀಕುಗಳ ಅಂತರ 200 ಮಿಲಿವೋಲ್ಟ್ ದಾಟಿದ ಮೇಲೆ, ಅಂದರೆ ಸರಿಯಾಗಿ ಈ ಮೋಸ ಜಾಸ್ತಿಯಾಗುವ ಜಾಗದಲ್ಲಿ. ಸಣ್ಣ ಡಿಸ್ಕ್ ಬಳಸಿ, ಆಮ್ಲವನ್ನು 1 ಮೋಲಾರ್ ಇಡಿ, ರೆಸಿಸ್ಟೆನ್ಸ್ ಅಳೆದು ಸರಿದೂಗಿಸಿ, ಆಮೇಲೆ ಗೆರೆ ಎಳೆಯಿರಿ.

ಕರಡು ತಿದ್ದಿದ ಉಡುಪಿಯ ನಿವೃತ್ತ ಮೇಷ್ಟ್ರಿಗೆ ನಮಸ್ಕಾರ. ವಿದ್ಯುದಂಶ ಎಲೆಕ್ಟ್ರಾನ್ ಸಂಖ್ಯೆಯಂತೆ, ಪೀಕ್ ಕರೆಂಟ್ ಆ ಸಂಖ್ಯೆಯ ವರ್ಗದಂತೆ ಏರುತ್ತದೆ ಎಂಬುದನ್ನು ದಪ್ಪಕ್ಷರದಲ್ಲಿ ಹಾಕಿಸಿದ್ದು ಅವರೇ.