ಎಚ್ಚರಿಕೆಯನ್ನು ದಾಟಿಸುವ ಪಾಠ ಬೇಡ

ಮಾನ್ಯ ಸಂಪಾದಕರೇ,

ಮೈಸೂರು, ಮಂಡ್ಯದ ಕಾಲೇಜು, ಆಸ್ಪತ್ರೆ, ಸಹಕಾರ ಸಂಘಗಳಲ್ಲಿ ಹತ್ತಾರು ಕಂಪ್ಯೂಟರ್‌ಗಳನ್ನು ಒಂದೇ ಮ್ಯಾನೇಜ್‌ಮೆಂಟ್ ಸರ್ವರ್‌ನಿಂದ ನೋಡಿಕೊಳ್ಳುವುದು ಈಗ ಮಾಮೂಲು. ಅದು ಕೈತಪ್ಪಿದರೆ ಅಷ್ಟೂ ಕಂಪ್ಯೂಟರ್‌ಗಳು ಕೈತಪ್ಪಿದಂತೆ. ಆದರೂ ಎಷ್ಟೋ ಕಡೆ ಅದರ ಪುಟ ತೆರೆದರೆ 'ಸುರಕ್ಷಿತವಲ್ಲ' ಎಂಬ ಎಚ್ಚರಿಕೆ ಬರುತ್ತದೆ. 'ಅಡ್ವಾನ್ಸ್ಡ್ ಒತ್ತಿ ಮುಂದೆ ಹೋಗಿ' ಎಂದು ಸಿಬ್ಬಂದಿಗೆ ಹೇಳಿಕೊಟ್ಟಿರುತ್ತಾರೆ. ನಾಳೆ ಯಾರೋ ನಕಲಿ ಪುಟ ತಂದಿಟ್ಟರೂ ಬರುವುದು ಅದೇ ಎಚ್ಚರಿಕೆ, ಸಿಬ್ಬಂದಿ ಒತ್ತುವುದೂ ಅದೇ ಗುಂಡಿ.

ಇದನ್ನು ಸರಿಪಡಿಸಲು ದುಡ್ಡು ಸುರಿಯಬೇಕಿಲ್ಲ. ಎಚ್ಚರಿಕೆ ಬರುವುದು ಸರ್ವರ್‌ನ ಸರ್ಟಿಫಿಕೇಟನ್ನು, ಅಂದರೆ ಅದರ ಡಿಜಿಟಲ್ ಗುರುತುಪತ್ರವನ್ನು, ಬ್ರೌಸರ್ ನಂಬದಿದ್ದಾಗ. 192.168ರಿಂದ ಶುರುವಾಗುವ ಒಳಗಿನ ಐಪಿಗೆ (ನೆಟ್‌ವರ್ಕ್ ವಿಳಾಸ) ಸರ್ಟಿಫಿಕೇಟ್ ನೀಡುವ ಸಾರ್ವಜನಿಕ ಸಂಸ್ಥೆಗಳು ಅದನ್ನು ಕೊಡುವುದಿಲ್ಲ. ಆದರೆ ಓಪನ್‌ಎಸ್‌ಎಸ್‌ಎಲ್ ಎಂಬ ಉಚಿತ ತಂತ್ರಾಂಶದಿಂದ ನಿಮ್ಮ ಸಂಸ್ಥೆಯದೇ ರೂಟ್ ಸರ್ಟಿಫಿಕೇಟ್, ಅಂದರೆ ಸರ್ವರ್‌ನ ಸರ್ಟಿಫಿಕೇಟನ್ನು ನಂಬಲು ಆಧಾರವಾಗುವ ಮೂಲ ಸರ್ಟಿಫಿಕೇಟ್, ಮಾಡಿಕೊಳ್ಳಬಹುದು. ರೂಟ್‌ನ ಖಾಸಗಿ ಕೀಯನ್ನು (ಸಹಿ ಹಾಕಲು ಬಳಸುವ ಗುಟ್ಟಿನ ಫೈಲ್) ಪಾಸ್‌ವರ್ಡ್ ಹಾಕಿ ಪೆನ್‌ಡ್ರೈವ್‌ನಲ್ಲಿ ಬೀರುವಿನೊಳಗಿಡಿ. ಸರ್ವರ್‌ನ ಕೀ, 2048 ಬಿಟ್‌ನ ಆರ್‌ಎಸ್‌ಎ ಬಗೆಯದು ಸಾಕು, ಸರ್ವರ್‌ನಲ್ಲೇ ಹುಟ್ಟಬೇಕು, ಅಲ್ಲೇ ಇರಬೇಕು. ರೂಟ್‌ನ ಸಹಿಗೆ ಹೋಗಬೇಕಾದ್ದು ಸಿಎಸ್‌ಆರ್ (ಸರ್ಟಿಫಿಕೇಟ್ ಕೋರುವ ಅರ್ಜಿಯ ಫೈಲ್) ಮಾತ್ರ. ಕೀಯನ್ನು ವಾಟ್ಸ್‌ಆಪ್‌ನಲ್ಲಿ ಕಳಿಸಿದರೆ ಅದು ಆಗಲೇ ಬಯಲಾದಂತೆ, ಹೊಸದು ಮಾಡಿ.

ಹೆಚ್ಚಾಗಿ ಎಡವುವುದು ಹೆಸರಿನಲ್ಲಿ. ಸರ್ಟಿಫಿಕೇಟ್‌ನಲ್ಲಿ ಕಾಮನ್ ನೇಮ್ ಎಂಬ ಜಾಗ ತುಂಬಿದರೆ ಸಾಲದು, ಕ್ರೋಮ್ ಬ್ರೌಸರ್ 2017ರಿಂದಲೇ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಿಲ್ಲ. ಸರ್ವರ್‌ನ ಪೂರ್ಣ ಹೆಸರು, ಚಿಕ್ಕ ಹೆಸರು, ಐಪಿ ಹೀಗೆ ಜನ ಯಾವುದನ್ನೆಲ್ಲ ಟೈಪ್ ಮಾಡುತ್ತಾರೋ ಅದೆಲ್ಲ ಸಬ್ಜೆಕ್ಟ್ ಆಲ್ಟರ್ನೇಟಿವ್ ನೇಮ್ ಎಂಬ ಇನ್ನೊಂದು ಜಾಗದಲ್ಲಿರಬೇಕು.

ಇನ್ನೊಂದು ಎಡವಟ್ಟು ಕ್ರಮದ್ದು. ಮೊದಲು ರೂಟ್ ಸರ್ಟಿಫಿಕೇಟನ್ನು ಎಲ್ಲ ಕಂಪ್ಯೂಟರ್‌ಗಳಿಗೂ ಹಂಚಿ, ಆಮೇಲೆ ಸರ್ವರ್‌ನ ಸರ್ಟಿಫಿಕೇಟ್ ಬದಲಿಸಿ. ತಿರುವುಮುರುವಾದರೆ ಏಜೆಂಟ್‌ಗಳೆಲ್ಲ (ಪ್ರತಿ ಕಂಪ್ಯೂಟರ್‌ನಲ್ಲೂ ಕೂತು ಸರ್ವರ್ ಜೊತೆ ಮಾತಾಡುವ ತಂತ್ರಾಂಶ) ಒಟ್ಟಿಗೆ ಸಂಪರ್ಕ ಕಡಿದುಕೊಳ್ಳುತ್ತವೆ, ಒಂದೊಂದು ಕಂಪ್ಯೂಟರ್ ಬಳಿಗೂ ನಡೆದುಹೋಗಿ ಸರಿಮಾಡಬೇಕಾಗುತ್ತದೆ. ವಿಂಡೋಸ್‌ಗೆ ಹಾಕಿದ ರೂಟ್ ಸರ್ಟಿಫಿಕೇಟ್ ಜಾವಾದಲ್ಲಿ ಬರೆದ ತಂತ್ರಾಂಶಗಳಿಗೆ ಸಾಮಾನ್ಯವಾಗಿ ಕಾಣದು. ಜಾವಾದ ಕೀಸ್ಟೋರ್ (ಸರ್ಟಿಫಿಕೇಟ್‌ಗಳನ್ನು ಇಡುವ ಕಡತ) ಬೇರೆ, ಅಲ್ಲಿಗೂ ಸೇರಿಸಿ. ಇಷ್ಟಾದ ಮೇಲೂ ಏಜೆಂಟ್ ಒಪ್ಪದಿದ್ದರೆ ಆ ಕಂಪ್ಯೂಟರ್‌ನ ಗಡಿಯಾರ ನೋಡಿ. ಗಡಿಯಾರ ನಡೆಸುವ ಒಳಗಿನ ಸಿಮಾಸ್ ಬ್ಯಾಟರಿ ಸತ್ತು ತಾರೀಕು ಹಿಂದೆ ಬಿದ್ದಿದ್ದರೆ, ಸರ್ಟಿಫಿಕೇಟ್‌ನ ಅವಧಿ ಇನ್ನೂ ಶುರುವೇ ಆಗಿಲ್ಲ ಎಂದು ಅದು ತಿರಸ್ಕರಿಸುತ್ತದೆ. ಹೇಗಾದರೂ ಕೆಲಸ ಆಗಲೆಂದು ಸರ್ಟಿಫಿಕೇಟ್‌ನ ಪರಿಶೀಲನೆಯನ್ನೇ ಆಫ್ ಮಾಡುವುದು ಮಾತ್ರ ಖಂಡಿತ ಬೇಡ. ಆಗ ಮಾತು ಗೂಢಲಿಪಿಯಲ್ಲೇ ಹೋಗುತ್ತದೆ, ಯಾರಿಗೆ ಹೋಗುತ್ತಿದೆ ಎಂಬುದಕ್ಕೆ ಖಾತ್ರಿ ಇರುವುದಿಲ್ಲ.

ಈ ಗೂಢಲಿಪಿ ಸಂಪರ್ಕದ ನಿಯಮಾವಳಿಯಾದ ಟಿಎಲ್‌ಎಸ್‌ನ ಹಳೆಯ ಆವೃತ್ತಿ 1.0 ಮತ್ತು 1.1 ನಿಲ್ಲಿಸಿ, 1.2 ಮತ್ತು 1.3 ಇಟ್ಟುಕೊಳ್ಳಿ. ನವೀಕರಿಸಿದ ಸರ್ಟಿಫಿಕೇಟ್ ಫೈಲ್ ಹಾಕಿ ಸರ್ವಿಸ್ ರೀಲೋಡ್ ಮಾಡಲು ಮರೆತರೆ ಹಳೆಯದೇ ಓಡುತ್ತಿರುತ್ತದೆ. ಹಾಗಾಗಿ ಮುಗಿಯುವ ತಾರೀಕನ್ನು ಬೇರೊಂದು ಕಂಪ್ಯೂಟರ್‌ನ ಬ್ರೌಸರ್‌ನಲ್ಲೇ ನೋಡಿ ಖಚಿತಪಡಿಸಿಕೊಳ್ಳಬೇಕು.

ವಾರ್ಷಿಕ ನಿರ್ವಹಣೆಯ ಬಿಲ್ಲಿಗೆ ಸಹಿ ಹಾಕುವ ಪ್ರಾಂಶುಪಾಲರು, ಕಾರ್ಯದರ್ಶಿಗಳಲ್ಲಿ ನಮ್ಮ ವಿನಂತಿ ಇಷ್ಟೇ: ಆ ಪುಟವನ್ನು ನಿಮ್ಮ ಮೇಜಿನ ಕಂಪ್ಯೂಟರ್‌ನಲ್ಲಿ ತೆರೆಸಿ ನೋಡಿ. ಎಚ್ಚರಿಕೆ ಬಂದರೆ ಸಹಿ ತಡೆಹಿಡಿಯಿರಿ.

– ಸರ್ವರ್ ನಿರ್ವಹಣೆಯ ವೃತ್ತಿಯವರು, ಹೆಬ್ಬಾಳ ಕೈಗಾರಿಕಾ ಪ್ರದೇಶ, ಮೈಸೂರು